ಟೆಕ್ಸಸ್‌ಗೆ ಹೊರಟುಹೋದ ಮನೆ

ಟೆಕ್ಸಾರ್ಕಾನಾ ಊರಾಚೆ, ಅರ್ಕಾನ್ಸಾ
ಗುರುವಾರ, ಅಕ್ಟೋಬರ್ 14, 1993

ನನ್ನ ಮುದ್ದು ಗಾರ್ಲಂಡ್,

ಹೇಗಿದ್ದೀಯಪ್ಪಾ? ಜರ್ಮನಿಯಲ್ಲಿ ಆಗಲೇ ಚಳಿ ಶುರುವಾಗಿದೆ ಅಂತ ಬರೆದಿದ್ದೆ. ಕಾಲಿನ ಬೊಬ್ಬೆ ಮಾಯಿತೇ? ಬೂಟು ಬಿಗಿಯಾಗಿದ್ದರೆ ಸಾರ್ಜೆಂಟ್ ಹತ್ತಿರ ಬಾಯಿಬಿಟ್ಟು ಹೇಳು, ನಿಮ್ಮಪ್ಪನ ಹಾಗೆ ಎಲ್ಲವನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡು ಕೂರಬೇಡ. ಆ ಗುಣದಿಂದ ಏನೇನು ಆಗುತ್ತದೆ ಅನ್ನುವುದು ಈ ಪತ್ರ ಓದಿದರೆ ನಿನಗೇ ತಿಳಿಯುತ್ತದೆ. ನಾನು ಕಳಿಸಿದ ಪೆಕಾನ್ ಮಿಠಾಯಿ ಸಿಕ್ಕಿತೇ, ಜೊತೆಯವರಿಗೆ ಹಂಚಿದೆಯೋ ಇಲ್ಲ ಒಬ್ಬನೇ ಮುಕ್ಕಿದೆಯೋ? ಇಲ್ಲಿ ನಾನು ಚೆನ್ನಾಗಿದ್ದೇನೆ. ಹಾಗೆ ಬರೆಯುವುದು ವಾಡಿಕೆ ಅಂತ ಬರೆದೆ, ಅಷ್ಟೆ. ನಿಜ ಹೇಳಬೇಕೆಂದರೆ ಒಂದು ತಿಂಗಳಿಂದ ನನ್ನ ತಲೆ ನೆಟ್ಟಗಿಲ್ಲ. ದಯವಿಟ್ಟು ಕೂತುಕೊಂಡು ಓದು.

ಮಾಡೀನ್ ದೊಡ್ಡಮ್ಮನಿಗೆ ಪಿತ್ತಕೋಶದ ಆಪರೇಷನ್ ಆಯಿತಲ್ಲ, ಅವಳ ಆರೈಕೆಗೆ ಅಂತ ಕಳೆದ ತಿಂಗಳು ಎಲ್ ಡೊರಾಡೊಗೆ ಹೋಗಿದ್ದೆ. ವಾಪಸ್ ಬರುವಾಗ ಅವಳ ಅಳಿಯ ನನ್ನನ್ನು ಕಾರಿನಲ್ಲಿ ಕರೆತಂದು, ಅವಸರವಿದೆ ಅಂತ ರಸ್ತೆ ತಿರುವಿನಲ್ಲೇ ಇಳಿಸಿ ಹೋದ. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಮಾಡೀನ್ ಮಾಡಿಕೊಟ್ಟ ಗೆಣಸಿನ ಪೈ. ದಾರಿಯುದ್ದಕ್ಕೂ ತಲೆ ತಗ್ಗಿಸಿಕೊಂಡೇ ನಡೆದೆ, ಪೈ ಅಲ್ಲಾಡಬಾರದಲ್ಲ. ಅಂಗಳಕ್ಕೆ ಬಂದು, ಅಭ್ಯಾಸಬಲದಿಂದ ಮೆಟ್ಟಿಲು ಹತ್ತಿ, ಬಾಗಿಲು ತಳ್ಳಲು ಮೊಣಕೈ ಚಾಚಿದೆ. ಬಾಗಿಲು ಇರಲಿಲ್ಲ ಮಗನೇ. ಗೋಡೆ ಇರಲಿಲ್ಲ. ಮನೆಯೇ ಇರಲಿಲ್ಲ! ನಿಮ್ಮಪ್ಪ ಕಟ್ಟಿದ ಮರದ ಮೆಟ್ಟಿಲು ಮಾತ್ರ ಬಯಲಲ್ಲಿ ನಿಂತಿತ್ತು. ಅದರ ತುದಿಯಲ್ಲಿ ಪೈ ಹಿಡಿದುಕೊಂಡು ನಾನು. ಕೆಳಗೆ ಬಿಸಿಲು ಕಾಣದೆ ಬೆಳ್ಳಗಾದ ಹುಲ್ಲು, ಕಿತ್ತುಹಾಕಿದ ನೀರಿನ ಪೈಪು, ಬಟ್ಟೆ ಒಣಹಾಕುವ ಹಗ್ಗ. ಸುಂಟರಗಾಳಿ ಬಂದು ಹೊತ್ತುಕೊಂಡು ಹೋಯಿತು ಅಂದುಕೊಂಡೆ, ನಿಮ್ಮಪ್ಪ ಒಳಗೇ ಇದ್ದನೇನೋ ಅಂತ ಕಿರುಚಿಕೊಂಡೆ. ನಮ್ಮದು ಟ್ರೇಲರ್ ಮನೆ, ಅಡಿಯಲ್ಲಿ ಚಕ್ರ ಇದೆ, ಬೇಕೆಂದರೆ ಲಾರಿಗೆ ಕಟ್ಟಿ ಎಳೆದುಕೊಂಡು ಹೋಗಬಹುದು ಅನ್ನುವುದನ್ನೇ ಇಷ್ಟು ವರ್ಷದಲ್ಲಿ ಮರೆತುಬಿಟ್ಟಿದ್ದೆ. ಯಾರಿಗೆ ತಾನೇ ನೆನಪಿರುತ್ತದೆ?

ನನ್ನ ಕಿರುಚಾಟ ಕೇಳಿ ಎದುರುಮನೆಯ ಪರ್ವಿಸ್ ತಾತ ಜಗಲಿಯ ಮೇಲಿಂದಲೇ ಕೂಗಿದ. "ಗಾಬ್ರಿ ಆಗ್ಬೇಡ ವರ್ಲೀನ್, ನಿಮ್ಮನೆ ಬೆಳಿಗ್ಗೆನೇ ಟೆಕ್ಸಸ್ ಕಡೆ ಹೋಯ್ತು. ಅಡುಗೆಮನೆ ಪರದೆ ಹಾರಾಡ್ತಿತ್ತು, ನಾನೂ ಕೈ ಬೀಸ್ದೆ!" ಅವನಿಗೆ ಅದೊಂದು ಮೆರವಣಿಗೆ ನೋಡಿದ ಹಾಗೆ. ನನ್ನನ್ನು ತನ್ನ ಹಳೇ ಪಿಕಪ್ಪಿನಲ್ಲಿ ಕೂರಿಸಿಕೊಂಡು ಹೊರಟ. ಊರೊಳಗೆ ಬಂದು, ಊರಿನ ನಡುವೆ ಹಾದುಹೋಗುವ ಎರಡು ರಾಜ್ಯಗಳ ಗಡಿ ರಸ್ತೆ ದಾಟಿ, ಆ ಕಡೆಯ ಟೆಕ್ಸಸ್‌ನೊಳಗೆ ಹೋದರೆ, ನಿನ್ನ ಸೋದರತ್ತೆ ವೈನೆಲ್ ಇದ್ದಾಳಲ್ಲ, ಅವಳ ಹಿತ್ತಲಿನಲ್ಲಿ ನನ್ನ ಮನೆ ನಿಂತಿದೆ. ನನ್ನದೇ ಹೂಕುಂಡ, ನನ್ನದೇ ಪರದೆ, ಬೇರೆ ರಾಜ್ಯ. ವೈನೆಲ್ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಬಾಮ್ಮಾ ಬಾ, ಕೊನೆಗೂ ಟೆಕ್ಸಸ್ ನೀರು ಕುಡಿಯೋ ಭಾಗ್ಯ ಬಂತು ನಿಂಗೆ" ಅಂದಳು. ನಿಮ್ಮಪ್ಪ ಮನೆಯಡಿಗೆ ಇಟ್ಟಿಗೆ ಕೊಡುತ್ತಾ ಮಂಡಿಯೂರಿದ್ದವನು ಎದ್ದು ಹಲ್ಲು ಬಿಟ್ಟ. "ಖುಷಿಯಾಗ್ತೀಯ ಅಂದ್ಕೊಂಡಿದ್ದೆ ಕಣೇ" ಅಂತ. ಪೈಯನ್ನು ವೈನೆಲ್ ಸಾಕಿರುವ ಕೋಳಿಗಳಿಗೆ ಹಾಕಿದೆ.

ಕಾರಣ ಏನು ಅಂತೀಯಾ? ತೆರಿಗೆ. ನೀನು ಕಾರ್ಖಾನೆಯಲ್ಲಿ ದುಡಿದವನಲ್ಲ, ಆದ್ದರಿಂದ ಹೇಳುತ್ತೇನೆ, ನನಗೂ ನೆಟ್ಟಗೆ ಅರ್ಥವಾಗಿದ್ದು ಈಗಲೇ. ನಿಮ್ಮಪ್ಪನ ಟೈರ್ ಕಾರ್ಖಾನೆ ಊರಿನ ಅರ್ಕಾನ್ಸಾ ಭಾಗದಲ್ಲಿದೆ. ಅರ್ಕಾನ್ಸಾ ಸರ್ಕಾರ ಸಂಬಳ ಕೈಗೆ ಬರುವ ಮೊದಲೇ ತನ್ನ ಪಾಲು ಮುರಿದುಕೊಳ್ಳುತ್ತದೆ. ಟೆಕ್ಸಸ್‌ನವರಿಗೆ ಸಂಬಳದ ಮೇಲೆ ತೆರಿಗೆಯೇ ಇಲ್ಲ. ಹೀಗಿರುವಾಗ ಒಂದೇ ಊರಿನಲ್ಲಿ ರಸ್ತೆಯ ಈ ಬದಿಗೆ ಯಾರು ತಾನೇ ಇರುತ್ತಾರೆ ಅಂತ, ಟೆಕ್ಸಾರ್ಕಾನಾ ಊರೊಳಗೆ ವಾಸವಿರುವವರಿಗೆ, ಯಾವ ಬದಿಯವರಾದರೂ ಸರಿ, ಅರ್ಕಾನ್ಸಾ ಆ ತೆರಿಗೆ ಮಾಫಿ ಮಾಡಿದೆ. ಸಂಬಳದ ಆಫೀಸಿನಲ್ಲಿ ಒಂದು ಮಾಫಿ ಚೀಟಿಗೆ ಸಹಿ ಹಾಕಿದರೆ ಮುಗಿಯಿತು. ನಾವಿರುವುದು ನನ್ನಮ್ಮ ಬಿಟ್ಟುಹೋದ ಜಾಗದಲ್ಲಿ, ಊರಾಚೆ ಹೊಲದ ಕಡೆ. ಹಾಗಾಗಿ ನಮಗೆ ಮಾತ್ರ ಕತ್ತರಿ. ಪ್ರತಿ ಶುಕ್ರವಾರ ಸಂಬಳದ ಸಾಲಿನಲ್ಲಿ ಜೊತೆಯವರು ನಿಮ್ಮಪ್ಪನನ್ನು ಕಿಚಾಯಿಸುತ್ತಿದ್ದರಂತೆ. "ಏನಪ್ಪಾ ಹಾಯ್ಟ್, ಈ ವಾರ ಗವರ್ನರ್ ಸಾಹೇಬ್ರ ಮನೆಗೆ ಮಾಂಸ ತಂದ್ಕೊಟ್ಯಾ?" ಇಷ್ಟು ವರ್ಷ ಅದನ್ನು ನುಂಗಿಕೊಂಡು ಬಂದವನಿಗೆ ಈ ಸಲ ವೈನೆಲ್ ಕಿವಿಯೂದಿದಳು. "ನನ್ ಹಿತ್ಲಲ್ಲಿ ಜಾಗ ಇದೆ, ಬಾಡ್ಗೆ ಬೇಡ, ಟೆಕ್ಸಸ್ ಮನುಷ್ಯ ಆಗ್ಬಿಡು." ನನ್ನ ಕೇಳಿದರೆ ನಾನು ಒಪ್ಪುವುದಿಲ್ಲ ಅಂತ ಗೊತ್ತಿತ್ತು, ಕೇಳಲಿಲ್ಲ. ಹೆಂಡತಿ ಊರಲ್ಲಿಲ್ಲದ ಹೊತ್ತು ನೋಡಿ ಮನೆಯನ್ನೇ ಎಬ್ಬಿಸಿದ.

ನನಗೆ ಬಂದ ಕೋಪ ನಿನಗೆ ಗೊತ್ತಾಗುತ್ತದೆ. ನಾನು ಹುಟ್ಟಿದ್ದು ಈ ನೆಲದ ಮೇಲೆ, ನೀನು ಮೊದಲು ಹೆಜ್ಜೆಯಿಟ್ಟಿದ್ದೂ ಇಲ್ಲೇ. ನಿಮ್ಮಪ್ಪನಿಗೆ ನೇರವಾಗಿ ಹೇಳಿಬಿಟ್ಟೆ: "ಮನೆ ನಿಂದು, ನೆಲ ನಂದು. ಮನೇನ ಮೆಕ್ಸಿಕೋಗೆ ಬೇಕಾದ್ರೂ ಎಳ್ಕೊಂಡ್ ಹೋಗು, ನಾನು ನೆಲದ್ ಮೇಲೇ ಇರ್ತೀನಿ." ಅವತ್ತಿಂದ ಇಲ್ಲಿ, ಮೀನು ಹಿಡಿಯಲು ಹೋಗುವಾಗ ಗಾಡಿಗೆ ಕಟ್ಟಿಕೊಂಡು ಹೋಗುವ ಆ ಪುಟ್ಟ ಡಬ್ಬಿಯಂಥ ಟ್ರೇಲರಿನಲ್ಲಿ ಮಲಗುತ್ತಿದ್ದೇನೆ. ಅದರಲ್ಲಿ ಮಗ್ಗುಲು ಬದಲಿಸಬೇಕಾದರೂ ಎದ್ದು ಹೊರಗೆ ಬಂದು ತಿರುಗಿ ಹೋಗಬೇಕು. ನಿಮ್ಮಪ್ಪ ಟೆಕ್ಸಸ್‌ನಲ್ಲಿ ಮಲಗುತ್ತಾನೆ. ಆದರೆ ಸಂಜೆಯಾದರೆ ಸಾಕು, ಪಾಳಿ ಮುಗಿಸಿಕೊಂಡು ನೆಟ್ಟಗೆ ಇಲ್ಲಿಗೆ ಬಂದು ಬಕೆಟ್ ಬೋರಲು ಹಾಕಿಕೊಂಡು ಕೂರುತ್ತಾನೆ. ನಾನು ಬೀನ್ಸು, ಕಾರ್ನ್‌ಬ್ರೆಡ್ಡು ಮಾಡಿ ಮುಂದೆ ಕುಕ್ಕುತ್ತೇನೆ. ಇಬ್ಬರೂ ಮಾತಾಡುವುದಿಲ್ಲ. ತಿಂದು, ತಟ್ಟೆ ತೊಳೆದಿಟ್ಟು, ಟೋಪಿ ಹಾಕಿಕೊಂಡು ಬೇರೆ ರಾಜ್ಯಕ್ಕೆ ಹೊರಡುತ್ತಾನೆ. ಹೊರಡುವಾಗ ಒಂದು ಮಾತು ಮಾತ್ರ ತಪ್ಪದೆ ಹೇಳುತ್ತಾನೆ: "ಅಲ್ಲಿ ನಿದ್ದೇನೇ ಬರಲ್ಲ." ಬಾರದಿರಲಿ.

ಇದೂ ಸಾಲದು ಅಂತ ಹೋದ ವಾರ ಬುಧವಾರ ಚರ್ಚಿನಲ್ಲಿ ಇನ್ನೊಂದು ಆಘಾತ. ಬುಧವಾರದ ಪ್ರಾರ್ಥನೆಯಲ್ಲಿ ಯಾರಿಗಾಗಿ ಬೇಡಿಕೊಳ್ಳಬೇಕು ಅಂತ ಪಾದ್ರಿಗಳು ಕೇಳುತ್ತಾರಲ್ಲ, ಒಬ್ಬರು ಮಂಡಿನೋವು ಅಂದರು, ಇನ್ನೊಬ್ಬರು ಮೊಮ್ಮಗನ ಪರೀಕ್ಷೆ ಅಂದರು. ಆಮೇಲೆ ವೈನೆಲ್ ಎದ್ದು ನಿಂತು, ಕರವಸ್ತ್ರ ಕಣ್ಣಿಗೊತ್ತಿಕೊಂಡು, "ನಮ್ಮಣ್ಣ ಅತ್ತಿಗೆ ಬೇರೆಬೇರೆ ಆಗಿದಾರೆ, ದೇವ್ರು ಅವ್ರನ್ನ ಒಂದ್ ಮಾಡ್ಲಿ" ಅಂದುಬಿಟ್ಟಳು. ನಾನು ಅಲ್ಲೇ ಮೂರನೇ ಬೆಂಚಿನಲ್ಲಿ ಕೂತಿದ್ದೆ! ಇಡೀ ಸಭೆ ತಲೆ ತಗ್ಗಿಸಿ ನನಗಾಗಿ ಪ್ರಾರ್ಥಿಸಿತು. ನಾನೂ ಕಣ್ಣು ಮುಚ್ಚಿದೆ, ನನಗೆ ಕೇಳಿಕೊಳ್ಳಬೇಕೆನಿಸಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಹೊರಗೆ ಬಂದಾಗ ಹೆಂಗಸರು ಒಬ್ಬೊಬ್ಬರಾಗಿ ಕೈ ಹಿಡಿದು ಅದುಮಿದರು. ಅಲ್ಲಿಯ ತನಕ ನಾನು ಕೋಪದಲ್ಲಿದ್ದೇನೆ ಅಂತಲೇ ಅಂದುಕೊಂಡಿದ್ದೆ. ಊರಿನ ಕಣ್ಣಲ್ಲಿ ನಾನು ಗಂಡ ಬಿಟ್ಟವಳಾಗಿದ್ದೆ. ಅವತ್ತು ಹೆದರಿಕೆಯಾಯಿತು ಕಂದಾ, ನಿಜವಾಗಿ ಹೆದರಿಕೆಯಾಯಿತು.

ಈಗ ತಮಾಷೆ ಕೇಳು, ಆದರೆ ನಗಬೇಡ. ಇಷ್ಟೆಲ್ಲಾ ಮಾಡಿಯೂ ಅದರ ಮುಂದಿನ ಶುಕ್ರವಾರವೂ ಸಂಬಳದಲ್ಲಿ ಮೊದಲಿನ ಹಾಗೇ ತೆರಿಗೆ ಮುರಿದಿದ್ದರು. ಸಂಬಳದ ಆಫೀಸಿನ ಒಲೀಟ ಗೊತ್ತಲ್ಲ, ಚರ್ಚಿನಲ್ಲಿ ನನ್ನ ಪಕ್ಕ ನಿಂತು ಹಾಡುವವಳು, ಅವಳು ನಿಮ್ಮಪ್ಪನನ್ನು ಕರೆದು ಹೇಳಿದಳಂತೆ: "ಹಾಯ್ಟ್, ಟೆಕ್ಸಸ್‌ಗೆ ಹೋದ್ರೆ ಸಾಲ್ದು, ಊರೊಳಗಿರ್ಬೇಕು. ವೈನೆಲ್ ಮನೆ ಇರೋದು ಚರಂಡಿ ಆಚೆ. ಊರು ಚರಂಡಿ ಈಚೆಗೇ ಮುಗ್ದೋಗತ್ತೆ. ಊರಾಚೆ ಇದ್ದು ಇಲ್ಲಿ ದುಡಿಯೋರು ಟೆಕ್ಸಸ್‌ನೋರಾದ್ರೂ ಅಷ್ಟೇ, ಅರ್ಕಾನ್ಸಾ ಮುರ್ಕೊಳ್ಳತ್ತೆ." ಕಾಗದಗಳು ಟೆಕ್ಸಾರ್ಕಾನಾ ಅನ್ನುವ ವಿಳಾಸಕ್ಕೇ ಬರುತ್ತವೆ ಅಂತ ವೈನೆಲ್ ಇಷ್ಟು ಕಾಲ ತಾನು ಊರವಳೆಂದೇ ನಂಬಿದ್ದಳು. ಅಂಚೆಯವನು ಚರಂಡಿ ದಾಟಿಯೂ ಬರುತ್ತಾನೆ, ಊರು ದಾಟುವುದಿಲ್ಲ. ಓಟು ಹಾಕಲು ಒಮ್ಮೆಯೂ ಹೋದವಳಲ್ಲ, ಆದರೆ ರಸ್ತೆ ಗುಂಡಿಗೆಲ್ಲ ಬೆಳಗಾದರೆ ಮೇಯರನ್ನು ಬೈಯುತ್ತಿದ್ದಳು, ಆ ಮೇಯರು ಅವಳ ಮೇಯರೇ ಅಲ್ಲ. ಆ ಸುದ್ದಿ ಕೇಳಿ ಅವಳು ಎರಡು ದಿನ ಹಾಸಿಗೆ ಹಿಡಿದಳಂತೆ. ಇದೊಂದರಿಂದ ಮಾತ್ರ ನನಗೆ ಹೊಟ್ಟೆ ತಣ್ಣಗಾಯಿತು.

ಅಷ್ಟಕ್ಕೆ ನಿಮ್ಮಪ್ಪ ಬುದ್ಧಿ ಕಲಿತನೇ? ಎಲ್ಲಿ ಬಂತು. ಸೋಮವಾರ ಲಾರಿಯವನನ್ನು ಮತ್ತೆ ಕರೆಸಿ ಮನೆಯನ್ನು ಚರಂಡಿ ದಾಟಿಸಿ, ಲಾಂಡ್ರಿ ಹಿಂದಿನ ಬಾಡಿಗೆ ಜಾಗದಲ್ಲಿ ನಿಲ್ಲಿಸಿದ. ಈಗ ಊರೊಳಗಾಯಿತು, ಅದರಲ್ಲಿ ಸುಳ್ಳಿಲ್ಲ. ಇವತ್ತು ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಾಫಿ ಚೀಟಿಗೆ ಸಹಿ ಹಾಕುತ್ತಾನೆ. ನಿನ್ನೆ ಬಕೆಟ್ ಮೇಲೆ ಕೂತು ಅದನ್ನು ಹೇಳಿದ, ಹೇಳಿ ನನ್ನ ಮುಖ ನೋಡಿದ. ನಾನು ಬಾಣಲೆ ಉಜ್ಜುತ್ತಿದ್ದೆ, ಉಜ್ಜುತ್ತಲೇ ಇದ್ದೆ. ರಾತ್ರಿಯೆಲ್ಲ ನನಗೆ ಒಂದೇ ಯೋಚನೆ. ಆ ಚೀಟಿಯಲ್ಲಿ ತಾನು ವಾಸವಿರುವುದು ಇಂಥಲ್ಲಿ ಅಂತ ಆಣೆ ಮಾಡಿ ಬರೆಯಬೇಕಂತೆ. ಅಂದರೆ ನಾನು ಇರುವಲ್ಲಿ ತಾನು ವಾಸವಿಲ್ಲ ಅಂತ ಬರೆದುಕೊಟ್ಟ ಹಾಗಾಯಿತಲ್ಲ? ವೈನೆಲ್ ಅಂದಿದ್ದು, ಬೆಂಚಿನ ಹೆಂಗಸರು ಅಂದುಕೊಂಡಿದ್ದು, ಎಲ್ಲಾ ಅವನ ಕೈಯಿಂದಲೇ ನಿಜವಾಗಿಬಿಡುತ್ತದೆ. ಬೇಡ ಅನ್ನಲು ಬಾಯಿ ಬರಲಿಲ್ಲ. ಮನೆ ಹೊರಟುಹೋದಾಗ ನನಗೆ ಇಷ್ಟು ನೋವಾಗಿರಲಿಲ್ಲ, ಇವತ್ತು ಬೆಳಗಿನಿಂದ ಆಗುತ್ತಿದೆ. ಕ್ರಿಸ್‌ಮಸ್‌ಗೆ ನೀನು ರಜೆ ಮೇಲೆ ಬಂದರೆ ಯಾವ ರಾಜ್ಯದಲ್ಲಿ ಮಲಗುತ್ತೀಯೋ ನೀನೇ ನಿರ್ಧಾರ ಮಾಡು, ನಾನು ಒತ್ತಾಯ ಮಾಡುವುದಿಲ್ಲ. ನಿಮ್ಮಪ್ಪನ ಮೇಲೆ ಕೋಪ ಮಾಡಿಕೊಳ್ಳಬೇಡ. ಅದಕ್ಕೆ ನಾನಿದ್ದೇನೆ.

ಹೊಟ್ಟೆ ತುಂಬ ತಿನ್ನು, ಬೆಚ್ಚಗಿರು. ನಿನ್ನ ಜೊತೆಯವನು, ಆ ಡಕೋಟಾದ ಹುಡುಗ, ಅವನಿಗೂ ನನ್ನ ಆಶೀರ್ವಾದ ಹೇಳು, ತಾಯಿಯಿಲ್ಲದವನು. ದೇವರು ನಿನ್ನನ್ನು ಯಾವ ನಾಡಿನಲ್ಲಿದ್ದರೂ ಕಾಯಲಿ.

ನಿನ್ನ ಅಮ್ಮ,
ವರ್ಲೀನ್ ಟ್ಯಾಕೆಟ್

ಮತ್ತೊಂದು ಮಾತು: ಪತ್ರ ಅಂಟಿಸುವಷ್ಟರಲ್ಲಿ ಒಲೀಟ ತನ್ನ ಊಟ ಬಿಟ್ಟು ಕಾರು ಓಡಿಸಿಕೊಂಡು ಬಂದಳು, ಲಕೋಟೆ ತೆರೆದು ಬರೆಯುತ್ತಿದ್ದೇನೆ, ಅಂಚೆ ಗಾಡಿ ತಿರುವಿನಲ್ಲಿದೆ. ನಿಮ್ಮಪ್ಪ ಸಹಿ ಹಾಕಲಿಲ್ಲವಂತೆ! ಪೆನ್ನು ಕೈಗೆ ತೆಗೆದುಕೊಂಡವನು ಕೆಳಗಿಟ್ಟು, "ಮನೆ ಊರೊಳಗಿದೆ ಒಲೀಟ, ನಾನಿಲ್ಲ. ವರ್ಲೀನ್ ಎಲ್ಲಿದಾಳೋ ನಾನ್ ಇರೋದು ಅಲ್ಲಿ. ಸುಳ್ಳು ಬರ್ಯಕ್ಕಾಗಲ್ಲ, ಮುರ್ಕೊಳ್ಳಿ ಬಿಡಿ" ಅಂದನಂತೆ. ಶುಕ್ರವಾರದ ಸಾಲಿನಲ್ಲಿ ಕಿಚಾಯಿಸುವವರೆಲ್ಲ ಹಿಂದೆಯೇ ನಿಂತಿದ್ದರಂತೆ, ಒಬ್ಬರೂ ನಗಲಿಲ್ಲವಂತೆ. ಇಷ್ಟು ವರ್ಷದ ಸಂಸಾರದಲ್ಲಿ ಆ ಮನುಷ್ಯ ನನ್ನ ಎದುರು ಹೀಗೆ ಒಂದು ಮಾತು ಆಡಿದವನಲ್ಲ ಕಣೋ, ಹೋಗಿ ಹೋಗಿ ಸಂಬಳದ ಕಿಟಕಿಯಲ್ಲಿ ಆಡಿದ್ದಾನೆ. ಒಲೀಟಳ ಕಾರಿನಲ್ಲಿ ನನ್ನ ಪೆಟ್ಟಿಗೆ ಇಟ್ಟಾಯಿತು. ಮುಂದಿನ ಪತ್ರ ಹಾಕುವಾಗ ಟೆಕ್ಸಸ್ ಅಂತ ಬರಿ, ಲಾಂಡ್ರಿ ಹಿಂದೆ ಅಂದರೆ ಸಾಕು. ನಿಮ್ಮಪ್ಪನಿಗೆ ಇನ್ನೂ ಗೊತ್ತಿಲ್ಲ. ನಾಳೆ ಹೋಗಿ ಸಹಿ ಹಾಕಲಿ, ಈಗ ಹಾಕಿದರೆ ಸುಳ್ಳಾಗುವುದಿಲ್ಲ.