ನಲವತ್ತೊಂದನೇ ನಂಬರಿನ ಅಚ್ಚು

ಮಾರ್ಚ್ ೧೨, ಮಂಗಳವಾರ
ಅಳತೆ ಕೋಣೆ, ಎರಡನೇ ಮಹಡಿ

ಪ್ರೀತಿಯ ಅಕ್ಕನಿಗೆ,

ಅಕ್ಷರ ನೋಡಿದ ಕೂಡಲೇ ಯಾರು ಅಂತ ಗೊತ್ತಾಗಿರುತ್ತದೆ. ಆರು ವರ್ಷ ಮಾತು ಬಿಟ್ಟವಳು ಈಗ ಎಲ್ಲಿಂದ ವಕ್ಕರಿಸಿದಳಪ್ಪಾ ಅಂತ ಬೈದುಕೊಂಡಾದರೂ ಸರಿ, ಪೂರ್ತಿ ಓದು. ಇವತ್ತು ಬರೆಯುತ್ತಿದ್ದೇನೆ, ಆದರೆ ಇವತ್ತೇ ಕಳಿಸುವ ಹಾಗಿಲ್ಲ. ಅದಕ್ಕೆ ಕಾರಣವಿದೆ, ಹೇಳುತ್ತೇನೆ.

ನಾನೀಗ ದಂತ ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ಅಳತೆ ತೆಗೆಯುವವಳು. ನಮ್ಮ ಕೋಣೆಗೆ ರೋಗಿಗಳು ಬರುವುದಿಲ್ಲ, ಅವರ ಹಲ್ಲುಗಳು ಬರುತ್ತವೆ. ಊರಿನ ಇನ್ನೊಂದು ತುದಿಯ ಚಿಕಿತ್ಸಾಲಯದಲ್ಲಿ ಅವರ ಬಾಯಿಯ ಪಡಿಯಚ್ಚು ತೆಗೆಯುತ್ತಾರೆ. ನಮ್ಮ ಕೆಳಮಹಡಿಯಲ್ಲಿ ಅದಕ್ಕೆ ಪ್ಲಾಸ್ಟರ್ ಸುರಿದು ಅಚ್ಚು ಮಾಡುತ್ತಾರೆ. ಅದು ರಟ್ಟಿನ ಪೆಟ್ಟಿಗೆಯಲ್ಲಿ ನನ್ನ ಮೇಜಿಗೆ ಬರುತ್ತದೆ. ಹೆಸರಿಲ್ಲ, ವಯಸ್ಸಿಲ್ಲ, ನಂಬರ್ ಮಾತ್ರ. ಬೇರೆಯವರ ವಿಷಯಕ್ಕೆ ಮೂಗು ತೂರಿಸಬೇಡ ಅಂತ ನೀನು ಎಷ್ಟು ಬೈಯುತ್ತಿದ್ದೆ, ಈಗ ಅದಕ್ಕೇ ಸಂಬಳ ಕೊಡುತ್ತಾರೆ ನೋಡು! ಯಾರು ಒಂದೇ ಪಕ್ಕದಲ್ಲಿ ಅಗಿಯುತ್ತಾರೆ, ಯಾರು ಹೊಲಿಯುವಾಗ ದಾರ ಹಲ್ಲಿನಲ್ಲಿ ಕತ್ತರಿಸುತ್ತಾರೆ, ಎಲ್ಲ ಅಚ್ಚು ನೋಡಿದರೆ ಗೊತ್ತಾಗುತ್ತದೆ.

ಈಗ ನಡೆಯುತ್ತಿರುವುದು ನಿದ್ದೆಯಲ್ಲಿ ಹಲ್ಲು ಕಡಿಯುವವರ ಅಧ್ಯಯನ. ಅವರಿಗೆ ಬೆಳಗ್ಗೆ ಎದ್ದರೆ ದವಡೆ ಹಿಡಿದುಕೊಂಡಿರುತ್ತದೆ, ಆಕಳಿಸಿದರೆ ಕಿವಿಯ ಹತ್ತಿರ ಟಕ್ ಅನ್ನುತ್ತದೆ, ಕೆಲವರಿಗೆ ಬಾಯೊಳಗೆ ಎರಡು ಬೆರಳು ಹಿಡಿಸುವಷ್ಟೂ ಬಾಯಿ ತೆರೆಯಲು ಬರುವುದಿಲ್ಲ. ಅರ್ಧ ಜನಕ್ಕೆ ಹಲ್ಲುಗಳ ನಡುವೆ ಕೂರುವ ಪ್ಲೇಟ್ ಕೊಟ್ಟಿದ್ದಾರೆ, ಉಳಿದರ್ಧಕ್ಕೆ ಅಂಗುಳಿಗೆ ಅಂಟಿಕೊಂಡು ಸುಮ್ಮನಿರುವ ಪ್ಲೇಟ್. ಯಾರಿಗೆ ಯಾವುದು ಅಂತ ಅವರಿಗೂ ತಿಳಿಯದು, ನನಗೂ ತಿಳಿಯದು. ತಿಳಿದರೆ ಅಳೆಯುವ ಕೈ ಸುಳ್ಳು ಹೇಳುತ್ತದೆ ಅನ್ನುತ್ತಾರೆ ನಮ್ಮ ಮುಖ್ಯಸ್ಥೆ. ಅವರಿಗೆ ನಾವು ಹಿಂದಿನಿಂದ ಇಟ್ಟ ಹೆಸರು ಸ್ಕೇಲ್ ಮೇಡಂ. ಯಾರ ಕೈ ಬೇಕಾದರೂ ಸುಳ್ಳು ಹೇಳಲಿ, ನನ್ನದು ಹೇಳಲ್ಲ ಅಂತ ನಾನು ಜಂಬಪಡುತ್ತಿದ್ದೆ.

ಹೋದ ಶನಿವಾರ ನಲವತ್ತೊಂದನೇ ನಂಬರಿನ ಪೆಟ್ಟಿಗೆ ಬಂತು. ದವಡೆ ಹಲ್ಲುಗಳ ಮೊನೆಯೆಲ್ಲ ಕೊನೆಗುಳಿದ ಸೋಪಿನ ಚೂರಿನ ಹಾಗೆ ಸವೆದುಹೋಗಿತ್ತು. ಪಾಪ, ಯಾರೋ ವರ್ಷಗಟ್ಟಲೆ ಏನನ್ನೋ ಒಳಗೇ ಇಟ್ಟುಕೊಂಡಿದ್ದಾರೆ ಅನ್ನಿಸಿತು. ಬಲಗಡೆಯ ಕೊನೆಯ ಹಲ್ಲಿನ ಎತ್ತರ ನಾಲ್ಕೂವರೆ ಮಿಲಿಮೀಟರ್. ಬರೆದುಕೊಂಡೆ. ಆಮೇಲೆ ಕಣ್ಣು ಮುಂಭಾಗದ ಹಲ್ಲಿನ ಮೇಲೆ ಬಿತ್ತು. ಅದರ ಒಂದು ಮೂಲೆ ಮಾತ್ರ ಉಳಿದ ಅಚ್ಚಿಗಿಂತ ಬೆಳ್ಳಗಿತ್ತು.

ಪೆಟ್ಟಿಗೆಯ ತಳದಲ್ಲಿ ಚಿಕಿತ್ಸಾಲಯದ ಚೀಟಿಯಿತ್ತು. ಮುಂದಿನ ಹಲ್ಲಿನ ಮೂಲೆ ಮುರಿದಿದೆ, ಹಾಗೇ ಇರಲಿ ಅಂತ ಬರೆದಿತ್ತು. ಅಚ್ಚಿನಲ್ಲಿ ನೋಡಿದರೆ ಹಲ್ಲು ಇಡಿಯಾಗಿದೆ! ಕುತೂಹಲ ತಡೆಯಲಾರದೆ ಅಚ್ಚು ಹಿಡಿದು ಕೆಳಗೆ ಓಡಿದೆ. ಪ್ಲಾಸ್ಟರ್ ಸುರಿಯುವವನನ್ನು ನಾವು ಗಾರೆ ಮೇಸ್ತ್ರಿ ಅಂತ ಕರೆಯುತ್ತೇವೆ. ಅವನು ಚೀಟಿ ಓದಿರಲೇ ಇಲ್ಲ. ಗಾಳಿಗುಳ್ಳೆ ಕೂತು ಮೂಲೆ ಹಾರೋಗಿದೆ ಅನ್ಕೊಂಡೆ ಮೇಡಂ, ನಿಮಗ್ಯಾಕೆ ತೊಂದ್ರೆ ಅಂತ ಒಂಚೂರು ಮೆತ್ತಿದೆ, ಹೆಂಗೆ ಕೂತಿದೆ ನೋಡಿ ಅಂತ ಹಲ್ಲು ಕಿರಿದ. ಬೈಯಲು ಮನಸ್ಸಾಗಲಿಲ್ಲ. ಮೇಲೆ ಬಂದು ಸಣ್ಣ ಚಾಕುವಿನಿಂದ ನಿಧಾನಕ್ಕೆ ಕೆರೆದೆ. ಮೆತ್ತಿದ್ದು ಪುಡಿಯಾಗಿ ಉದುರಿತು. ಕೆಳಗೆ ಓರೆಯಾಗಿ ಮುರಿದ ಅಂಚು, ಅದರ ನಡುವೆ ಸಾಸಿವೆಯಷ್ಟು ಕಚ್ಚು. ಪಕ್ಕದಲ್ಲಿ ಒಳಗೆ ತಿರುಗಿ ನಿಂತ ಕೋರೆಹಲ್ಲು.

ಅಯ್ಯೋ ಅಕ್ಕಾ, ಆ ಮೂಲೆ ಮುರಿದವಳೇ ನಾನಲ್ಲವಾ?

ಆಗ ನನಗೆ ಆರು, ನಿನಗೆ ಒಂಬತ್ತು. ನೀನು ಜೋಕಾಲಿಯಿಂದ ಇಳಿದು ಚಪ್ಪಲಿ ಹಾಕಿಕೊಳ್ಳಲು ಬಗ್ಗಿದ್ದೆ, ಹಲಗೆ ಬಂದು ಬಾಯಿಗೆ ಬಡಿಯಿತು. ಅಮ್ಮನ ಹತ್ತಿರ ನೀನು ಮೆಟ್ಟಿಲ ಮೇಲೆ ಬಿದ್ದೆ ಅಂದೆ, ನನ್ನನ್ನು ಉಳಿಸಿದೆ. ನಿನ್ನ ಹತ್ತಿರ ನಾನು ಕೈ ಜಾರಿತು ಅಂದೆ. ಕೈ ಜಾರಿರಲಿಲ್ಲ. ನನ್ನ ಸರದಿಯನ್ನೂ ನೀನೇ ಆಡಿಬಿಟ್ಟೆ ಅನ್ನುವ ಸಿಟ್ಟಿಗೆ ಹಲಗೆಯನ್ನು ಹಿಂದಕ್ಕೆಳೆದು ಬೇಕಂತಲೇ ಬಿಟ್ಟೆ. ಮೂವತ್ತಾರು ವರ್ಷ ಇದನ್ನು ಯಾರಿಗೂ ಹೇಳಿಲ್ಲ.

ಅಮ್ಮನ ಕೊನೆಯ ವರ್ಷದಲ್ಲೂ ನಾನು ಅದನ್ನೇ ಮಾಡಿದೆ. ಅವಳನ್ನು ಎತ್ತಿ ಕೂರಿಸಿ ಎತ್ತಿ ಕೂರಿಸಿ ನಿನ್ನ ಬೆನ್ನು ಬಿದ್ದುಹೋದ ಮೇಲೆ ನೀನು ಅವಳನ್ನು ಶುಶ್ರೂಷಾ ಕೇಂದ್ರಕ್ಕೆ ಸೇರಿಸಿದೆ. ತಿಂಗಳಿಗೊಮ್ಮೆ ಮುಖ ತೋರಿಸಿ ಹೋಗುತ್ತಿದ್ದ ನಾನು, ನಿನಗೆ ಅಮ್ಮ ಭಾರವಾದಳು ಅಂತ ಎಲ್ಲರೆದುರಿಗೆ ಅಂದೆ. ಸಿಟ್ಟಿನಲ್ಲಿ ಬಾಯಿ ಜಾರಿತು ಅಂತ ಆಮೇಲೆ ಊರಿಗೆಲ್ಲ ಹೇಳಿಕೊಂಡೆ. ಅದೂ ಜಾರಿರಲಿಲ್ಲ. ನೀನು ದವಡೆ ಬಿಗಿಹಿಡಿದುಕೊಂಡು ಎದ್ದು ಹೋದೆ. ತಪ್ಪು ನನ್ನದು, ಅಕ್ಕ. ಅಮ್ಮನನ್ನು ನೋಡಿಕೊಂಡವಳು ನೀನು, ನಾನಲ್ಲ.

ಇನ್ನೊಂದು ವಿಚಿತ್ರ ಕೇಳು. ಅಚ್ಚು ನಿನ್ನದೇ ಅಂತ ಗುರುತು ಸಿಕ್ಕ ಮೇಲೆ ಅದೇ ಕೊನೆಯ ಹಲ್ಲನ್ನು ಮತ್ತೆ ಅಳೆದೆ. ಐದು ಬಂತು. ಮೂರು ಸಲ ಅಳೆದೆ, ಮೂರು ಸಲವೂ ಐದೇ. ಅಕ್ಕನಿಗೆ ಅಷ್ಟೊಂದು ಸವೆದಿಲ್ಲ ಅಂತ ನನ್ನ ಕೈ ಹಟ ಹಿಡಿದು ಕೂತಿತ್ತು. ಸ್ಕೇಲ್ ಮೇಡಂ ಹೇಳಿದ್ದು ನಿಜ.

ಮೂರು ದಿನ ಬಾಯಿ ಬಿಡಲಿಲ್ಲ. ಹೇಳಿದರೆ ನಿನ್ನ ನಂಬರನ್ನೇ ಹೊಡೆದುಹಾಕಿ ಪ್ಲೇಟ್ ವಾಪಸ್ ತೆಗೆದುಕೊಂಡುಬಿಟ್ಟರೆ ಅನ್ನುವ ಭಯ. ಇವತ್ತು ಬೆಳಗ್ಗೆ ತಡೆಯಲಾಗದೆ ಹೇಳಿಬಿಟ್ಟೆ. ಮೂರು ದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಾ ಅಂತ ಮೇಡಂ ಚೆನ್ನಾಗಿ ಜಾಡಿಸಿದರು. ನಿನ್ನನ್ನು ತೆಗೆಯುವುದಿಲ್ಲವಂತೆ, ಸದ್ಯ! ಇನ್ನು ಮೇಲೆ ನಿನ್ನ ಅಚ್ಚುಗಳನ್ನು ಪಕ್ಕದ ಮೇಜಿನವಳು ಅಳೆಯುತ್ತಾಳೆ. ನಾಲ್ಕು ತಿಂಗಳಿಗೆ ಕೊನೆಯ ಅಳತೆ. ಅಲ್ಲಿಯವರೆಗೆ ನಿನಗೆ ಕಾಗದವಿಲ್ಲ, ಫೋನಿಲ್ಲ. ಅದು ಮುಗಿದ ಮೇಲೂ ತಂಗಿಯ ಕಾಗದ ಕಳಿಸಬಹುದಾ ಅಂತ ನಿನ್ನ ಡಾಕ್ಟರು ನಿನ್ನನ್ನು ಕೇಳಬೇಕು, ನೀನು ಹೂಂ ಅನ್ನಬೇಕು. ಊಹೂಂ ಅಂದರೆ ಇದು ನನ್ನ ಡ್ರಾಯರಿನಲ್ಲೇ ಉಳಿಯುತ್ತದೆ.

ನಿನಗೆ ಬಾಯ್ತುಂಬ ಆಕಳಿಸಲು ಆಗುತ್ತಾ? ನಗಲು ಆಗುತ್ತಾ? ನೀನು ನಕ್ಕರೆ ಆ ಮುರಿದ ಮೂಲೆಯೇ ಮೊದಲು ಕಾಣುತ್ತಿತ್ತು. ಕೇಳಲು ನೂರು ಪ್ರಶ್ನೆಗಳಿವೆ. ನಾಲ್ಕು ತಿಂಗಳು ಸುಮ್ಮನಿರಬೇಕು, ಅದೂ ನಾನು!

ನಿನ್ನ ತಂಗಿ,
ಪಟಾಕಿ

ತಾ.ಕ.: ಜುಲೈ ೧೬. ಕೊನೆಯ ಅಳತೆ ಮುಗಿಯಿತು. ನಿನ್ನ ಡಾಕ್ಟರು ಕಳಿಸಿದ ಚೀಟಿಯನ್ನು ಸ್ಕೇಲ್ ಮೇಡಂ ಈಗಷ್ಟೇ ನನ್ನ ಕೈಗಿಟ್ಟರು. ಮಡಿಕೆ ಬಿಚ್ಚಿದರೆ ನಿನ್ನದೇ ಅಕ್ಷರ, ಡಾಕ್ಟರಿಗೆ ಬರೆದದ್ದು. ನೀನು ಬರೆದದ್ದನ್ನು ನಿನಗೇ ಬರೆದು ತೋರಿಸುತ್ತಿದ್ದೇನೆ, ಇನ್ನೂ ನಂಬಿಕೆ ಬರುತ್ತಿಲ್ಲ: ‘ಪಟಾಕಿ ನಾಲ್ಕು ತಿಂಗಳು ಸುಮ್ಮನಿದ್ದಳಾ? ಕಾಗದ ಕಳಿಸೋಕೆ ಹೇಳಿ. ಮೊದಲನೇ ದಿನವೇ ನೀವು ಆ ಹಲ್ಲಿನ ಮೂಲೆ ಸರಿಮಾಡಿಕೊಡ್ತೀನಿ ಅಂದ್ರಿ, ನಾನು ಬೇಡ ಅಂದೆ, ನೆನಪಿದೆಯಾ ಡಾಕ್ಟ್ರೇ? ಅಚ್ಚು ಅಳೆಯೋಳು ಅವಳೇ ಅಂತ ನಮ್ಮ ಚಿಕ್ಕಮ್ಮ ಮೊದಲೇ ಹೇಳಿದ್ರು. ಸರಿಮಾಡಿಸಿಬಿಟ್ಟಿದ್ರೆ, ಅದು ನಾನು ಅಂತ ಅವಳಿಗೆ ಹೇಗೆ ಗೊತ್ತಾಗ್ಬೇಕಿತ್ತು?’