ಕತ್ತರಿ ಜಡ್ಡು ಅಲ್ಲ

ಸೋಮವಾರ ಸಂಜೆ
ಹಾಸ್ಟೆಲ್, ಕಿಟಕಿ ಪಕ್ಕದ ಮಂಚ

ನನ್ನ ಟೈಲರ್ ಅಮ್ಮನಿಗೆ,

ಮೊನ್ನೆ ಬಯಾಪ್ಸಿ ಅಂದದ್ದಕ್ಕೇ ಫೋನಿನಲ್ಲಿ ನೀನು ಅಳಲು ಶುರು ಮಾಡಿದೆ, ನಾನು ಇಂಗ್ಲಿಷಿಗೆ ಜಾರಿದೆ. ಅದಕ್ಕೇ ಈ ಕಾಗದ. ಕಾಗುಣಿತ ತಪ್ಪಿದ್ದರೆ ಬೈಯಬೇಡ, ಒಂಬತ್ತು ವರ್ಷ ಹಾಸ್ಟೆಲಿಗೆ ಹಾಕಿದವಳು ನೀನೇ.

ರಿಪೋರ್ಟ್ ಬಂತು. ನನ್ನ ನಡುಬೆರಳಿನ ಗಂಟು ಕತ್ತರಿ ಹಿಡಿದು ಬಂದ ಜಡ್ಡಲ್ಲ. ಸಾರ್ಕೋಮ ಅಂತ, ಚರ್ಮದ ಕೆಳಗಿನ ಮೆತ್ತನೆಯ ಭಾಗದಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್. ಮೊದಲು ಹೀಗೇ, ನೋವೇ ಇಲ್ಲದ ಗಂಟಾಗಿ ಕಾಣಿಸುತ್ತದಂತೆ. ಎದೆಯ ಸ್ಕ್ಯಾನ್ ಕ್ಲೀನ್ ಇದೆ, ಶ್ವಾಸಕೋಶಕ್ಕೆ ಹಬ್ಬಿಲ್ಲ. ಮುಂದಿನ ವಾರ ಗುರುವಾರ ಬೆರಳು ತೆಗೆಯುತ್ತಾರೆ. ಫಾರಂಗೆ ನಾನೇ ಸಹಿ ಹಾಕಿದ್ದೇನೆ. ಹದಿನೆಂಟಾಯಿತು, ಯಾರನ್ನೂ ಕೇಳಬೇಕಿಲ್ಲ.

ಹೋದ ರಜೆಯಲ್ಲಿ ನಾನು ನಿನ್ನ ಜೊತೆ ಯೂನಿಫಾರಂ ಬಟ್ಟೆ ಕತ್ತರಿಸುವಾಗ ಗಂಟು ಕಂಡಿತಲ್ಲ, ನೀನು ಕತ್ತರಿಯಿಂದ ಜಡ್ಡುಗಟ್ಟಿದ ನಿನ್ನ ಬೆರಳು ಪಕ್ಕಕ್ಕಿಟ್ಟು, ನೋಡೇ, ಅದೇ ಜಾಗ, ಈಗ ನೀನು ನನ್ನ ಮಗಳು ಅಂದೆ. ಬ್ಲೇಡಿನಿಂದ ಹೆರೆದು ಎಣ್ಣೆ ಹಚ್ಚಿದೆ. ನಾನೂ ಹಿಗ್ಗಿದೆ. ಹಾಸ್ಟೆಲ್ ಹುಡುಗಿಗೆ ಮನೆಯ ಗುರುತು ಅಂತ ಇದ್ದದ್ದು ಅದೊಂದೇ. ಇಲ್ಲಿ ರೂಮ್‌ಮೇಟ್‌ಗೆ ತೋರಿಸಿ ಜಂಬ ಕೊಚ್ಚಿದೆ. ಕೊನೆಗೆ ಅವಳೇ ಕೇಳಿದ್ದು: ಏಳು ತಿಂಗಳಿಂದ ಕತ್ತರಿ ಮುಟ್ಟಿಲ್ಲ, ಜಡ್ಡು ಕರಗಬೇಕಲ್ವೇನೇ, ನಿಂದ್ಯಾಕೆ ಬೆಳೀತಿದೆ ಅಂತ.

ಆ ಬ್ಲೇಡನ್ನು ನೆನೆದು ಎದೆ ಬಡಿದುಕೊಳ್ಳಬೇಡ. ಹೆರೆದದ್ದರಿಂದ ಬಂದದ್ದಲ್ಲ, ಡಾಕ್ಟರನ್ನು ಎರಡು ಸಲ ಕೇಳಿದೆ. ಎರಡನೇ ಸಲ, ಏನಮ್ಮಾ, ನೀನು ನಿಮ್ಮಮ್ಮನ ಲಾಯರಾ ಅಂದರು.

ಚಿಕ್ಕಮ್ಮನಿಗೂ ಹೇಳಿಬಿಡು. ಬೆರಳು ಹೋದವಳಿಗೆ ಓದು ಬೇರೆ ಕೇಡು, ಮನೆಗೆ ಎಳ್ಕೊಂಡು ಬಾ ಅನ್ನುತ್ತಾಳೆ, ಗೊತ್ತು. ಬರಲ್ಲ! ನಾಲ್ಕು ಬೆರಳಲ್ಲೇ ಪರೀಕ್ಷೆ ಬರೆಯುತ್ತೇನೆ. ಅವಳು ಐದು ಬೆರಳಲ್ಲಿ ಮಾಡಿದ ಘನಕಾರ್ಯಗಳ ಪಟ್ಟಿ ಕಳಿಸಲಿ, ನೋಡೋಣ.

ನೀನೂ ಅಷ್ಟೇ, ಆಪರೇಷನ್‌ಗೆ ರಜೆ ಬರಲಿ ಅನ್ನಬೇಡ. ಇಸ್ತ್ರಿ ತಾಗಿ ಬಟ್ಟೆ ಸುಟ್ಟರೆ ಕಲೆಯ ಸುತ್ತ ಚೆನ್ನಾಗಿರುವುದನ್ನೂ ಸೇರಿಸಿ ಕತ್ತರಿಸು, ಜಿಪುಣತನ ಮಾಡಬೇಡ ಅಂತ ಕಲಿಸಿದವಳು ನೀನು. ಡಾಕ್ಟರು ಮಾಡುವುದೂ ಅದನ್ನೇ.

ಗಂಟಿಗೆ ಮುಂಚೆಯೂ, ಬೆರಳು ಹೋದ ಮೇಲೂ ನಿನ್ನ ಮಗಳೇ ಆದ,
ನಿನ್ನ ಹೊಲಿಗೆ ಮಷಿನ್ನಿನ ಬಾಬಿನ್

ಮರೆತೆ: ಸಹಿ ಹಾಕಿದ್ದೇನೆ ಅಂದದ್ದು ಸುಳ್ಳು. ಫಾರಂ ದಿಂಬಿನ ಕೆಳಗಿದೆ. ಮೂರು ಸಲ ಪೆನ್ ಹಿಡಿದೆ. ಪೆನ್ನು ಒರಗುವುದೂ ಅದೇ ಬೆರಳಿಗೆ. ಆಪರೇಷನ್ನಿನ ಹಿಂದಿನ ದಿನವೇ ಬಾ. ನೀನು ಪಕ್ಕದಲ್ಲಿ ಕೂತರೆ ಹಾಕುತ್ತೇನೆ. ಅಳುವುದಿದ್ದರೆ ಬಸ್ಸಿನಲ್ಲೇ ಮುಗಿಸಿಕೊಂಡು ಬಾ.