ಮಾವ ನನಗೆ ಹೂ ತೋರಿಸಲು ಕರೆದುಕೊಂಡು ಹೋದದ್ದು

ಮನೆಯಿಂದ,
ಏಪ್ರಿಲ್ ಏಳು, ಭಾನುವಾರ, ಊಟವಾದ ಮೇಲೆ

ನನ್ನವರಿಗೆ, ತುಂಬು ಪ್ರೀತಿಯಿಂದ,

ಭುಜದ ನೋವು ಹೇಗಿದೆ? ಹೋದ ಕಾಗದದಲ್ಲಿ ‘ಪರವಾಗಿಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ನಿಮ್ಮ ‘ಪರವಾಗಿಲ್ಲ’ದಲ್ಲಿ ಎಷ್ಟು ಬಗೆಗಳಿವೆ ಎಂಬುದು ಒಂಬತ್ತು ವರ್ಷ ಸಂಸಾರ ಮಾಡಿದವಳಿಗೆ ಗೊತ್ತಿಲ್ಲವೇ. ಕ್ರೇನಿನ ಆ ಗಾಜಿನ ಗೂಡಿನಲ್ಲಿ ಇಡೀ ದಿನ ಕತ್ತು ಬಗ್ಗಿಸಿ ಕೆಳಗಿನ ಹಡಗು ನೋಡುತ್ತ ಕೂತರೆ ಯಾರ ಭುಜ ತಾನೇ ಸುಮ್ಮನಿರುತ್ತದೆ? ಮುಲಾಮು ತಲುಪಿತೇ ಬರೆಯಿರಿ. ಹೊಸ ಕನ್ನಡಕ ಹಾಕಿಕೊಳ್ಳುತ್ತಿದ್ದೀರೋ, ಇಲ್ಲ ಡಬ್ಬಿಯಲ್ಲಿಟ್ಟು ಭದ್ರ ಮಾಡಿದ್ದೀರೋ ಅದನ್ನೂ ಬರೆಯಿರಿ. ಅದರ ಗಾಜನ್ನು ಅಂಗಡಿಯಲ್ಲಿ ಬೇರೆ ಯಾರ ಕೈಗೂ ಕೊಡದೆ ನಾನೇ ಉಜ್ಜಿದ್ದು.

ಇಲ್ಲಿ ನಾವಿಬ್ಬರೂ ಆರೋಗ್ಯ. ಮಾವನವರಂತೂ ಪರಮ ಆರೋಗ್ಯ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಎನ್ನುವುದು ಮುಂದೆ ತಿಳಿಯುತ್ತದೆ. ನಿಮಗೊಂದು ಸುದ್ದಿ ಹೇಳಬೇಕು. ಅದು ಒಳ್ಳೆಯ ಸುದ್ದಿಯೋ ಅಲ್ಲವೋ ನನಗೇ ತಿಳಿಯುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅದು ಇರುವುದು ಮಾವನ ಕುರ್ಚಿಯ ಪಕ್ಕದಲ್ಲಿ. ಬೆಳಿಗ್ಗೆಯಿಂದ ಎರಡು ಹಾಳೆ ಹರಿದು ಹಾಕಿದ್ದೇನೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೇ ಬರೆದುಬಿಡುತ್ತೇನೆ, ಅರ್ಥ ನೀವೇ ಮಾಡಿಕೊಳ್ಳಿ.

ಗುರುವಾರ ಸಂಜೆ ನಾನು ಅಂಗಡಿಯಿಂದ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಮಾವ ಪೇಪರಿನಿಂದ ತಲೆಯೆತ್ತದೆ, ಶನಿವಾರ ರಜೆ ಹಾಕು, ತೋಟದ ಕಡೆ ಹೂ ಬಿಟ್ಟಿದೆಯಂತೆ, ನೋಡಿಕೊಂಡು ಬರೋಣ ಎಂದರು. ನನಗೆ ಕೇಳಿದ್ದು ಸರಿಯೇ ಎಂದು ಅನುಮಾನ. ನಿಮ್ಮಪ್ಪ ಹೂ ನೋಡುವ ಪೈಕಿಯೇ? ಇಪ್ಪತ್ತೆರಡು ವರ್ಷ ಅದೇ ತೋಟದ ದಾರಿಯಲ್ಲಿ ಬಸ್ಸು ಓಡಿಸಿದವರು, ಒಂದು ದಿನವಾದರೂ ಹೂವಿನ ಮಾತು ಆಡಿದ್ದುಂಟೇ? ಬ್ರೇಕು, ಕ್ಲಚ್ಚು, ತಿರುವಿನಲ್ಲಿ ಅಡ್ಡ ಬರುವ ಟ್ರ್ಯಾಕ್ಟರು, ಇಷ್ಟೇ ಅವರ ಪ್ರಪಂಚ. ಶುಕ್ರವಾರ ನೋಡಿದರೆ ಶೂಗೆ ಪಾಲಿಶ್ ಹಾಕುತ್ತಿದ್ದಾರೆ. ಶನಿವಾರ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಕಿವಿಯ ಕೂದಲು ಕತ್ತರಿಸಿಕೊಳ್ಳುತ್ತಿದ್ದಾರೆ. ನನಗೆ ದಿಗಿಲಾಯಿತು. ಹೋದ ತಿಂಗಳು ಅವರೊಬ್ಬರೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಏನಂದರು ಎಂದು ಕೇಳಿದ್ದಕ್ಕೆ ಏನಿಲ್ಲ ಎಂದಿದ್ದರು. ಈಗ ಏನೋ ಕೆಟ್ಟ ರಿಪೋರ್ಟು ಬಂದಿರಬೇಕು, ಮನೆಯಲ್ಲಿ ಹೇಳಲಾರದೆ ದೂರ ಕರೆದುಕೊಂಡು ಹೋಗಿ ಹೇಳುತ್ತಾರೆ ಎಂದುಕೊಂಡೆ. ಫ್ಲಾಸ್ಕಿಗೆ ಚಹಾ ತುಂಬಿಕೊಂಡು ಹೊರಟೆ.

ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟೇ ಆಗಬೇಕು. ದಾರಿಯುದ್ದಕ್ಕೂ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಕೊನೆಯ ಸ್ಟಾಪಿನಲ್ಲಿ ಇಳಿದೆವು. ಟಾರು ರಸ್ತೆ ಮುಗಿದು ಮಣ್ಣಿನ ದಾರಿ ಶುರುವಾಗುವುದೇ ತಡ, ಎರಡೂ ಕಡೆ ಹೂವು. ಹೇಗೆ ಹೇಳಲಿ ನಿಮಗೆ? ಪ್ಲಮ್ ಮರಗಳಲ್ಲಿ ಒಂದೇ ಒಂದು ಎಲೆಯಿಲ್ಲ, ಬರೀ ಬಿಳಿ. ಅದರಾಚೆ ಚೆರ್ರಿ, ಅದೂ ಬಿಳಿಯೇ, ಆದರೆ ಬೇರೆ ಬಿಳಿ. ಇನ್ನೂ ಮೇಲೆ ಸೇಬಿನ ತೋಟ, ಅಲ್ಲಿ ಮೊಗ್ಗು ಗುಲಾಬಿ, ಅರಳಿದ್ದು ಬಿಳಿ. ದಿನವಿಡೀ ಬೆರಳಗಲದ ಗಾಜು ನೋಡುವ ನನ್ನ ಕಣ್ಣಿಗೆ ಅಷ್ಟೊಂದು ದೂರ ಒಟ್ಟಿಗೇ ಸಿಕ್ಕಿಬಿಟ್ಟರೆ ಏನು ಮಾಡುವುದೆಂದು ಗೊತ್ತಾಗಲಿಲ್ಲ. ಬೇಲಿಯ ಬದಿಗೆ ಜೇನುಪೆಟ್ಟಿಗೆಗಳು, ಗಾಳಿಯಲ್ಲೆಲ್ಲ ಅದೇ ಗುಂಯ್ ಸದ್ದು. ಹಿಂದಿನ ದಿನ ಮಳೆಯಾಗಿತ್ತೇನೋ, ನೆಲ ಹಸಿ. ಮಾವನ ಪಾಲಿಶ್ ಮಾಡಿದ ಶೂಗೆ ಹೂವಿನ ಎಸಳು ಅಂಟಿಕೊಂಡು ಅವರು ಮದುಮಗನ ಹಾಗೆ ಕಾಣುತ್ತಿದ್ದರು. ಆಗ ಸುಮ್ಮನೆ ತಮಾಷೆಗೆ ಹಾಗೆ ಅನ್ನಿಸಿತ್ತು ಅಷ್ಟೇ, ಆಣೆ.

ನನ್ನನ್ನು ತಬ್ಬಿಬ್ಬು ಮಾಡಿದ್ದು ಹೂವಲ್ಲ, ಅವರು. ಯಾವ ಗೇಟಿನ ಚಿಲಕ ಒಳಗಿದೆ, ಯಾವುದು ಹೊರಗಿದೆ ಎಲ್ಲ ಅವರಿಗೆ ಗೊತ್ತು. ಒಂದು ಕಂದುನಾಯಿ ಓಡಿ ಬಂತು, ಬೊಗಳುವುದು ಬಿಟ್ಟು ಅವರ ಕಾಲು ಮೂಸಿ ಬಾಲ ಅಲ್ಲಾಡಿಸಿತು. ಮಾವ ನಾಲ್ಕು ಹೆಜ್ಜೆ ನಡೆಯುವುದು, ನಿಲ್ಲುವುದು, ಗಂಟಲು ಸರಿಮಾಡಿಕೊಳ್ಳುವುದು, ಮತ್ತೆ ನಡೆಯುವುದು. ಒಂದು ಕಡೆ ನಿಂತು, ಹಳೇ ಮರಕ್ಕೆ ಕಸಿ ಕಟ್ಟಿದರೆ ಹಿಡಿಯುತ್ತಂತೆ, ನಿನಗೇನನ್ನಿಸುತ್ತೆ ಎಂದು ಕೇಳಿದರು. ಸಸಿ ಕೊಳ್ಳುವ ಯೋಚನೆಯಿರಬೇಕು ಎಂದುಕೊಂಡು, ನಮಗಿರುವುದು ಕಿಟಕಿಯಲ್ಲಿ ಎರಡು ಕುಂಡ, ಅದಕ್ಕೆ ನೀರು ಹಾಕುವವರೇ ಇಲ್ಲ, ಇನ್ನು ಮರ ಯಾಕೆ ಎಂದೆ. ಅವರು ನನ್ನ ಮುಖವನ್ನೇ ನೋಡಿ, ಅದೂ ಸರಿ ಎಂದು ಮುಂದೆ ಹೋದರು. ಇನ್ನೊಂದು ಕಡೆ ನಿಂತು, ನನ್ನ ರೂಮು ಖಾಲಿಯಾದರೆ ಏನು ಮಾಡ್ತೀಯಾ ಎಂದರು. ಅಲ್ಲೇ ಬೋರಲು ಹಾಕಿದ್ದ ಹಣ್ಣಿನ ಪೆಟ್ಟಿಗೆಯ ಮೇಲೆ ಕುಸಿದು ಕೂತೆ. ಡಾಕ್ಟರು ಏನಂದರು, ಮುಚ್ಚಿಡದೆ ಹೇಳಿ ಎಂದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅವರಿಗೆ ಕಕ್ಕಾಬಿಕ್ಕಿ. ಹೋದ ತಿಂಗಳು ಹೋಗಿದ್ದು ಕಿವಿಯ ಗುಗ್ಗೆ ತೆಗೆಸುವುದಕ್ಕಂತೆ.

ಆಗ ಮೇಲಿನಿಂದ ಯಾರೋ ನಕ್ಕ ಸದ್ದು. ಸೇಬಿನ ಮರಕ್ಕೆ ಒರಗಿಸಿದ್ದ ಏಣಿಯಿಂದ ಒಬ್ಬ ಹೆಂಗಸು ಇಳಿದು ಬಂದರು. ಅರವತ್ತರ ಆಸುಪಾಸು, ಗಂಡಸರ ಬೂಟು, ಸೊಂಟದಲ್ಲಿ ಚಾಕು, ಕುತ್ತಿಗೆಗೆ ನಾರಿನ ಸುರುಳಿ. ಸುತ್ತಲಿನ ತೋಟಗಳಿಗೆಲ್ಲ ಕಸಿ ಕಟ್ಟಿಕೊಡುವವರು ಅವರೇ. ಎಲ್ಲರೂ ಕಸಿಯಮ್ಮ ಎನ್ನುತ್ತಾರಂತೆ. ಗಂಡ ತೀರಿಕೊಂಡು ಹನ್ನೊಂದು ವರ್ಷ, ಮಕ್ಕಳಿಲ್ಲ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆದರೆ ಅವರಿಗೆ ನಮ್ಮ ವಿಷಯ ಮೊದಲೇ ಗೊತ್ತಿತ್ತು. ನಾನು ಕನ್ನಡಕದ ಅಂಗಡಿಯಲ್ಲಿರುವುದು, ಮರೆತು ಎರಡೆರಡು ಸಲ ಉಪ್ಪು ಹಾಕುವುದು, ನೀವು ಬಾಯಿ ತೆರೆದುಕೊಂಡು ಮಲಗುವುದು, ಎಲ್ಲ. ನನಗೆ ಒಂದು ಕಡೆ ನಾಚಿಕೆ, ಇನ್ನೊಂದು ಕಡೆ ಕೋಪ. ಈಯಮ್ಮ ಯಾರು, ನಮ್ಮ ಮನೆಯ ಉಪ್ಪಿನ ಲೆಕ್ಕ ಇವರಿಗ್ಯಾಕೆ ಎಂದು.

ಮಾವ ನಾಯಿಯ ತಲೆ ಸವರುತ್ತ ನಿಂತರು. ನಾನು ಕಸಿಯಮ್ಮನ ಕನ್ನಡಕ ನೋಡಿದೆ. ಬಲಗಡೆ ಕಡ್ಡಿಯ ಸ್ಕ್ರೂ ಬಿದ್ದುಹೋಗಿ, ಕಸಿ ಕಟ್ಟುವ ನಾರಿನಿಂದಲೇ ಸುತ್ತಿ ಬಿಗಿದಿದ್ದರು. ನನ್ನ ಚೀಲದಲ್ಲಿ ಸಾಮಾನು ಯಾವಾಗಲೂ ಇರುತ್ತದೆಂದು ನಿಮಗೆ ಗೊತ್ತಲ್ಲ. ಕೊಡಿ ಇಲ್ಲಿ, ಸರಿಮಾಡುತ್ತೇನೆ ಎಂದು ಈಸಿಕೊಂಡೆ. ಕೈಯಲ್ಲಿ ಕೆಲಸವಿದ್ದರೆ ತಲೆ ನಿಲ್ಲುತ್ತದೆ. ನಾರು ಬಿಚ್ಚಿ, ಚೀಲದಿಂದ ಹೊಸ ಸ್ಕ್ರೂ ತೆಗೆದು, ಇನ್ನೇನು ತೂತಿಗೆ ಇಡಬೇಕು, ಅಷ್ಟರಲ್ಲಿ ಅವರು ಬರಿಗಣ್ಣಿನಿಂದ ನನ್ನ ಕಡೆ ನೋಡುತ್ತ ಮೆಲ್ಲಗೆ ಕೇಳಿದರು.

“ಇವ್ರು ನಿನಗಿನ್ನೂ ಹೇಳಿಲ್ಲ, ಅಲ್ವಾ? ನಾವಿಬ್ರೂ ಮದುವೆ ರಿಜಿಸ್ಟರ್ ಮಾಡಿಸ್ಕೋಬೇಕು ಅಂತಿದ್ದೀವಿ.”

ಸ್ಕ್ರೂ ನನ್ನ ಬೆರಳಿಂದ ಜಾರಿ ಹುಲ್ಲಿಗೆ ಬಿತ್ತು. ಅದು ಎಷ್ಟಿರುತ್ತದೆ ಹೇಳಿ, ಸಾಸಿವೆಗಿಂತ ಒಂದು ಚೂರು ದೊಡ್ಡದು. ಹುಲ್ಲಿನ ತುಂಬ ಎಸಳು ಬೇರೆ. ಮೂವರೂ ಮಂಡಿಯೂರಿ ಹುಡುಕಲು ಶುರುಮಾಡಿದೆವು. ಆ ಹೊತ್ತಿನಲ್ಲಿ ಯಾರಾದರೂ ಬಂದಿದ್ದರೆ ಏನೆಂದುಕೊಳ್ಳುತ್ತಿದ್ದರೋ. ಹಾಗೆ ನೆಲ ನೋಡುತ್ತಲೇ, ನನ್ನ ಕಡೆ ತಿರುಗದೆ, ನಿಮ್ಮಪ್ಪ ಬಾಯಿಬಿಟ್ಟರು. ಅವರು ವಾರವಾರ ಲೈಬ್ರರಿಗೆಂದು ಹೋಗುತ್ತಿದ್ದುದು ಇಲ್ಲಿಗಂತೆ. ಮೂರು ವರ್ಷವಾಯಿತಂತೆ. ಮೊದಲು ಏಣಿ ಹಿಡಿದುಕೊಳ್ಳಲು, ಆಮೇಲೆ ಚಹಾ ಕುಡಿಯಲು, ಆಮೇಲೆ ಸುಮ್ಮನೆ. ಇಲ್ಲಿಯೇ ಬಂದು ಇರಬೇಕೆಂದು ಆಸೆಯಂತೆ. ಮಗನಿಗೆ ಬರೆಯಲು ಕೂತರೆ ‘ಚಿರಂಜೀವಿ’ ಎನ್ನುವುದರ ಮುಂದೆ ಪೆನ್ನು ಹೋಗುವುದಿಲ್ಲವಂತೆ.

“ಅವನಿಗೆ ಅಮ್ಮ ಅಂದ್ರೆ ಅವನಮ್ಮ ಒಬ್ಳೇ,” ಎಂದರು. “ನಿನಗೆ ಹೇಳೋದು ಸುಲಭ ಅಂದ್ಕೊಂಡಿದ್ದೆ. ಅದೂ ಆಗ್ಲಿಲ್ಲ. ನೀನು ಬೇಡ ಅಂದ್ರೆ ಬೇಡಮ್ಮ, ಇವತ್ತಿಗೆ ಬಿಟ್ಟುಬಿಡ್ತೀನಿ.”

ನನಗೆ ಆಗ ಬಂದದ್ದು ಒಳ್ಳೆಯ ಮಾತಲ್ಲ, ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ. ಅತ್ತೆಯ ಮುಖ ಕಣ್ಣಮುಂದೆ ಬಂತು. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದ ಮೇಲೆ ನನ್ನ ಕೈಲಿ ಜಡೆ ಹೆಣೆಸಿಕೊಂಡು, ನೆಟ್ಟಗೆ ಬಂತಾ ಎಂದು ಕೇಳುತ್ತಿದ್ದರಲ್ಲ, ಆ ಮುಖ. ಅತ್ತೆ ಇದ್ದಾಗಲೂ ನಿಮ್ಮಿಬ್ಬರಿಗೂ ಪರಿಚಯವಿತ್ತೇ ಎಂದು ಕೇಳಿಬಿಟ್ಟೆ. ದನಿ ನನ್ನದೇ ಎನಿಸಲಿಲ್ಲ. ಮಾವನ ಕೈ ಹುಲ್ಲಿನ ಮೇಲೆ ಹಾಗೇ ನಿಂತಿತು. ಉತ್ತರ ಕೊಟ್ಟವರು ಕಸಿಯಮ್ಮ.

“ಇವ್ರು ನನಗೆ ಬರೀ ಬಸ್ ಡ್ರೈವರ್ ಆಗಿದ್ರು ಕಣಮ್ಮ. ಪರಿಚಯ ಇದ್ದಿದ್ದು ನಿಮ್ಮತ್ತೆಯದು. ಸಂತೇಲಿ ನನ್ನ ಬುಟ್ಟೀಲಿರೋ ಪ್ಲಮ್ಮನ್ನೆಲ್ಲ ಒಂದೊಂದಾಗಿ ಒತ್ತಿ ನೋಡೋರು. ನಾನು ಬೈತಿದ್ದೆ, ಅವ್ರು ತಿರುಗಿ ಬೈತಿದ್ರು. ಹೋದ್ರು ಅಂತ ಗೊತ್ತಾದ ದಿನ ನಾನು ಮರ ಹತ್ತಲಿಲ್ಲ.”

ಒಂದೊಂದಾಗಿ ಒತ್ತಿ ನೋಡುವವರೆಂದರೆ ಅತ್ತೆಯೇ ಸೈ. ಆ ಮಾತನ್ನು ಯಾರೂ ಕಟ್ಟಿ ಹೇಳಲಾರರು. ನನ್ನ ಕೋಪ ಎಲ್ಲಿ ಹೋಗಿ ಕೂರಬೇಕೋ ತಿಳಿಯದೆ ನಿಂತುಬಿಟ್ಟಿತು. ಅಷ್ಟು ಹೊತ್ತಿಗೆ ಸ್ಕ್ರೂ ಸಿಕ್ಕಿತು. ಕನ್ನಡಕವಿಲ್ಲದ ಅವರಿಗೇ ಸಿಕ್ಕಿದ್ದು, ಬೆರಳ ತುದಿಯಲ್ಲಿ ತಡಕಿ. ನಾನು ಕೂರಿಸಿ, ತಿರುಗಿಸಿ, ಗಾಜು ಒರೆಸಿ ಕೊಟ್ಟೆ. ಹಾಕಿಕೊಂಡು ಅವರು ಮೊದಲು ನೋಡಿದ್ದು ಮಾವನನ್ನಲ್ಲ, ನನ್ನನ್ನು. “ಇಷ್ಟು ಚಿಕ್ಕವಳು ಅಂತ ಇವ್ರು ಹೇಳಿರ್ಲಿಲ್ಲ,” ಎಂದರು. ಮೂವತ್ತಮೂರು ಚಿಕ್ಕ ವಯಸ್ಸೇನು? ಆದರೂ ಆ ಮಾತು ಕೇಳಿ ಫ್ಲಾಸ್ಕು ತೆಗೆದು ಮೊದಲ ಲೋಟ ಅವರಿಗೇ ಕೊಟ್ಟೆ. ಚಹಾ ಕುಡಿದೆವು. ಅವರ ಮನೆ ನೋಡಿದೆ, ಎರಡು ಕೋಣೆ, ಒಂದು ಅಡುಗೆಮನೆ, ಕಿಟಕಿ ತೆರೆದರೆ ಮರ ಒಳಗೇ ಬರುತ್ತದೆ. ಗೋಡೆಯ ಮೊಳೆಗೆ ಮಾವನ ಹಳೆಯ ಸ್ವೆಟರ್ ತೂಗುಹಾಕಿತ್ತು. ಕಳೆದುಹೋಯಿತೆಂದು ಹೋದ ಚಳಿಗಾಲದಲ್ಲಿ ಮನೆಯೆಲ್ಲ ಹುಡುಕಿದ್ದೆನಲ್ಲ, ಅದೇ. ಹೂಂ ಎಂದೂ ಹೇಳದೆ ಊಹೂಂ ಎಂದೂ ಹೇಳದೆ ಹೊರಟೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವರ ಕಾಲು ಬ್ರೇಕು ಒತ್ತಲಿಲ್ಲ. ಕೈ ಮಡಿಲಲ್ಲಿಟ್ಟು, ಪರೀಕ್ಷೆ ಬರೆದು ಬಂದ ಹುಡುಗನ ಹಾಗೆ ಕೂತಿದ್ದರು. ನನ್ನ ತಲೆಯಲ್ಲಿ ಒಂದರ ಮೇಲೊಂದು. ಇವರು ಹೋದರೆ ಜನ ಏನನ್ನುತ್ತಾರೆ, ಹೋಗದಿದ್ದರೆ ಇವರಿಗೆ ಏನಿದೆ, ನೀವು ಏನನ್ನುತ್ತೀರಿ, ನಾನು ಏನನ್ನಬೇಕು. ಮನೆಯ ಸ್ಟಾಪು ಬರಲು ಇನ್ನೊಂದೇ ತಿರುವಿರುವಾಗ, ಯಾವತ್ತು ಎಂದು ಕೇಳಿದೆ. ಯಾವತ್ತು ಏನು ಎಂದರು. ರಿಜಿಸ್ಟರ್ ಆಫೀಸಿನಲ್ಲಿ ಸಹಿ ಎಂದೆ. ಅವರು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು, ಕಣ್ಣೂ ಒರೆಸಿಕೊಂಡರು, ಸ್ಟಾಪು ದಾಟಿ ಹೋಯಿತು, ನಾವು ಹಿಂದಕ್ಕೆ ನಡೆದು ಬಂದೆವು. ಮೇ ನಾಲ್ಕಂತೆ. ಎರಡು ಸಾಕ್ಷಿ ಬೇಕಂತೆ. ಒಂದು ನಾನು. ನಿಮ್ಮನ್ನು ಕೇಳದೆ ಒಪ್ಪಿಬಿಟ್ಟೆ. ತಪ್ಪೆನ್ನಿಸಿದರೆ ನನ್ನನ್ನು ಬೈಯಿರಿ, ಅವರನ್ನಲ್ಲ.

ಸರಿ, ಒಪ್ಪಿದ ಮೇಲೆ ಮನಸ್ಸು ಹಗುರವಾಗಬೇಕು ತಾನೇ? ಇಲ್ಲ. ಇವತ್ತು ಬೆಳಿಗ್ಗೆ ಅವರು ಏನೋ ಗುನುಗುತ್ತ ಪಾತ್ರೆ ತೊಳೆಯುತ್ತಿದ್ದರು. ನಲ್ಲಿ ಬಿಟ್ಟೇ ಇಟ್ಟಿದ್ದೀರಲ್ಲ ಎಂದು ರೇಗಿದೆ. ಆಮೇಲೆ ರೂಮಿಗೆ ಹೋಗಿ ಅತ್ತುಬಿಟ್ಟೆ. ಅತ್ತದ್ದು ಅತ್ತೆಗಾಗಿಯೋ, ಮಾವನಿಗಾಗಿಯೋ, ನನಗೇ ಗೊತ್ತಿಲ್ಲ. ಅವರಿಗೆ ಸಂತೋಷವಾಗಿದೆ, ನನಗೂ ಅವರ ಸಂತೋಷ ಬೇಕು. ಮತ್ತೆ ಈ ಅಳು ಎಲ್ಲಿಂದ ಬಂತು? ಮಾವ ಬೇರೆ, ನನ್ನ ರೂಮಿನಲ್ಲಿ ನಿನ್ನ ಗಾಜು ಉಜ್ಜುವ ಮೇಜು ಹಾಕಿಕೋ, ಬೆಳಕು ಚೆನ್ನಾಗಿದೆ ಎಂದು ಹೇಳಿದ್ದಾರೆ. ಬೆಳಕು ಚೆನ್ನಾಗಿದೆ, ನಿಜ.

ಮಾವ ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಈಗಷ್ಟೇ ಬಾಗಿಲಲ್ಲಿ ಬಂದು ನಿಂತು, ಎಲ್ಲ ಬರೆದೆಯಾ ಎಂದು ಕೇಳಿ, ಹೂಂ ಎಂದ ಕೂಡಲೇ ಒಳಗೆ ಓಡಿದರು. ಅವರ ಮೇಲೆ ಮುನಿಸಿಕೊಳ್ಳಬೇಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಗಾಳಿ ಜೋರಾದ ದಿನ ಮೇಲೆ ಹತ್ತಬೇಡಿ, ಮೇಸ್ತ್ರಿ ಬೈದರೂ ಸರಿ.

ನಿಮ್ಮದೇ ಆದ,
ನಾನು

ತಾ.ಕ.: ಸೋಮವಾರ ಬೆಳಿಗ್ಗೆ. ಅಂಚೆ ಡಬ್ಬಿ ತೆರೆಯಲು ಹತ್ತು ನಿಮಿಷವಿದೆ, ಅಕ್ಷರ ಕೆಟ್ಟಿದ್ದರೆ ಕ್ಷಮಿಸಿ. ಬಂದರಿನವರು ಇನ್ನೆರಡು ವರ್ಷ ಇರು ಎನ್ನುತ್ತಿದ್ದಾರೆ, ಏನು ಹೇಳಲಿ ಎಂದು ಕೇಳಿದ್ದಿರಿ. ಇಷ್ಟುದ್ದ ಬರೆದೂ ಅದಕ್ಕೆ ಉತ್ತರ ಬರೆಯಲಿಲ್ಲ. ಮರೆತದ್ದಲ್ಲ, ಧೈರ್ಯ ಸಾಲಲಿಲ್ಲ. ನಿಮಗೆ ಸರಿ ಕಂಡದ್ದು ಮಾಡಿ ಎಂದು ಬರೆಯುವುದೇ ನನಗೆ ಅಭ್ಯಾಸ. ಈ ಸಲ ಹಾಗೆ ಬರೆಯಲಾರೆ. ಇರಬೇಡಿ. ಎರಡನೇ ಸಾಕ್ಷಿಯಾಗಿ ಮೇ ನಾಲ್ಕಕ್ಕೆ ಬನ್ನಿ, ಬಂದವರು ತಿರುಗಿ ಹೋಗಬೇಡಿ. ಮಾವ ಹೊರಟ ಮೇಲೆ ಈ ಮನೆಯಲ್ಲಿ ಎರಡು ಸಲ ಉಪ್ಪು ಬಿತ್ತು ಎಂದು ಹೇಳುವುದಕ್ಕೂ ಯಾರೂ ಇರುವುದಿಲ್ಲ.